ಹಳೇ ಸ್ಟಾರ್ ಟ್ರೆಕ್ ಪೂರಾ ಸಂಗ್ರಹ ಮಾಡಬೇಕಂದ್ರ ಯಾವ ಸೆಟ್ ತಗೋಬೇಕು?

ಸೀದಾ ಉತ್ತರ ಮೊದ್ಲು ಹೇಳಿಬಿಡ್ತೀನ್ರಿ, ನನ್ನ ಪುರಾಣ ಆಮ್ಯಾಲ. ನೀವು ಕೇಳಿದ್ದು 1966ರ ಸ್ಟಾರ್ ಟ್ರೆಕ್, ಬಾಹ್ಯಾಕಾಶದಾಗ ಹಡಗು ಓಡಿಸ್ಕೊಂಡು ಹೋಗೋರ ಅಮೆರಿಕಾ ಟಿವಿ ಸೀರಿಯಲ್ಲು, ಕ್ಯಾಪ್ಟನ್ ಕರ್ಕ್, ಉದ್ದ ಕಿವಿ ಸ್ಪಾಕ್ ಇರೋದು, ಅದನ್ನ ಪೂರಾ ಕೂಡಿಸಿ ಇಟ್ಕೋಬೇಕಂತ ಮನಸ್ಸಾಗ್ಯದ, ಆದ್ರ ವಿಎಚ್‌ಎಸ್, ಡಿವಿಡಿ, ಬ್ಲೂ-ರೇ ಅಂತ ಇಷ್ಟ್ ನಮೂನಿ ಬಂದಾವ, ಯಾವ್ದು ತಗೊಳ್ಳಿ, ಆನ್‌ಲೈನ್‌ನ್ಯಾಗ ಸಿಗೋವಾಗ ಇದಕ್ಕ ರೊಕ್ಕ ಹಾಕೋದು ಹುಚ್ಚಲ್ಲೇನು ಅಂತ. ಒಂದೇ ಒಂದು ಸೆಟ್ ತಗೊಳ್ಳೋರಾದ್ರ 2009ರ ಬ್ಲೂ-ರೇ ತಗೋರಿ, ಮೂರೂ ಸೀಸನ್ ಅದೇ ವರ್ಷ ಬಂದಾವ. ಉಳಿದದ್ದೆಲ್ಲಾ ಹುಚ್ಚೇ. ಆ ಹುಚ್ಚು ನನಗೂ ಅದ ಅನ್ನೋದು ಬ್ಯಾರೆ ಮಾತು.

ಯಾಕ ಬ್ಲೂ-ರೇ ಅಂದ್ರ, ಪಿಕ್ಚರ್ ಕ್ಲಿಯರ್ ಅದ ಅಂತಲ್ಲ. ಈಗ ಮಾರ್ಕೆಟ್‌ನ್ಯಾಗ ಇರೋದು ಒಂದು ಸ್ಟಾರ್ ಟ್ರೆಕ್ ಅಲ್ರಿ, ಎರಡು. 2006ರಾಗ ನಲವತ್ತು ವರ್ಷ ತುಂಬಿದ್ವು ಅಂತ ಸೀರಿಯಲ್ ಹಕ್ಕಿದ್ದ ಸಿಬಿಎಸ್ ಕಂಪನಿಯವ್ರು ಮೂಲ ಫಿಲ್ಮ್ ಹೊರಗ ತಗದು ಹೊಸದಾಗಿ ಸ್ಕ್ಯಾನ್ ಮಾಡಿ ಕಲರ್ ಎಲ್ಲಾ ಸರಿ ಮಾಡಿದ್ರು, ಅಷ್ಟಕ್ಕೇ ಬಿಟ್ಟಿದ್ರ ಕೈ ಮುಗೀತಿದ್ದೆ, ಆದ್ರ ಜೊತಿಗೆ ಹಡಗು, ಗ್ರಹ, ಗುಂಡು ಹೊಡಿಯೋದು ಎಲ್ಲಾ ಕಂಪ್ಯೂಟರ್‌ನ್ಯಾಗ ಹೊಸದಾಗಿ ಮಾಡಿ ಹಳೇ ಶಾಟ್ ತಗದು ಅಲ್ಲಿ ಕುಂದ್ರಿಸಿದ್ರು, ಟೈಟಲ್ ಮ್ಯೂಸಿಕ್ಕೂ ಮತ್ತ ಬಾರಿಸಿ ರೆಕಾರ್ಡ್ ಮಾಡಿದ್ರು. ನೀವು ಆನ್‌ಲೈನ್‌ನ್ಯಾಗ ನೋಡೋದು ಸಾಮಾನ್ಯವಾಗಿ ಇದೇ ಹೊಸಾ ಪ್ರಿಂಟು. ಟಿವಿಯೊಳಗ ನಾವು ಸಣ್ಣವ್ರಿದ್ದಾಗ ನೋಡಿದ್ದು ಅದಲ್ಲ. ಇನ್ನ ಡಿವಿಡಿ ಕಥಿ ಹಿಂಗದ: 2004ರ ಸೆಟ್‌ನ್ಯಾಗ ಬರೇ ಹಳೇ ಎಫೆಕ್ಟ್, ರಿಮಾಸ್ಟರ್ಡ್ ಅಂತ ಆಮ್ಯಾಲ ಬಂದ ಡಿವಿಡಿಯೊಳಗ ಬರೇ ಹೊಸದು. ಎರಡೂ ಇರೋದು ಬ್ಲೂ-ರೇದಾಗ ಮಾತ್ರ, ಮೆನುದಾಗ ಯಾವ್ದು ಬೇಕೋ ಆರಿಸ್ಕೋಬಹುದು, ಎಪಿಸೋಡ್ ಅದೇ, ಹಡಗಿನ ಶಾಟ್ ಬಂದಾಗಷ್ಟೇ ಬದಲಾಗ್ತದ.

ಇದೇನು ದೊಡ್ಡ ವಿಷಯ ಅಂತೀರೇನು, ಒಂದು ಉದಾಹರಣಿ ಕೊಡ್ತೀನಿ. 1967ರಾಗ ಬಂದ 'ದಿ ಡೂಮ್ಸ್‌ಡೇ ಮಷೀನ್' ಅಂತ ಎಪಿಸೋಡ್ ಅದ, ಎರಡನೇ ಸೀಸನ್ನಿಂದು. ಅದರೊಳಗ ಕಾನ್ಸ್ಟೆಲೇಷನ್ ಅಂತ ಇನ್ನೊಂದು ಹಡಗು ಸುಟ್ಟು ಕರಕಲಾಗಿ ತೇಲ್ತಿರ್ತದ. ರೊಕ್ಕ ಇಲ್ದಕ್ಕ ಸೀರಿಯಲ್ ಮಾಡೋರು, ಹುಡುಗ್ರು ಅಂಟಿಸಿ ಆಡೋ ಎಎಂಟಿ ಕಂಪನಿ ಪ್ಲಾಸ್ಟಿಕ್ ಮಾಡೆಲ್ ಕಿಟ್ ತಂದು, ಜೋಡಿಸಿ, ಸುಟ್ಟು ಶೂಟಿಂಗ್ ಮಾಡ್ಯಾರ. ಹಡಗಿನ ನಂಬರ್ ನೋಡ್ರಿ, 1017. ಕರ್ಕ್‌ನ ಹಡಗು ಎಂಟರ್‌ಪ್ರೈಸ್, ಅದರ ನಂಬರ್ 1701. ಅಂದ್ರ ಕಿಟ್‌ನ್ಯಾಗ ಬಂದ ಅವೇ ಸ್ಟಿಕರ್ ಅಂಕಿ ಹಿಂದ್ಮುಂದ್ ಮಾಡಿ ಹಚ್ಯಾರ! ಹೊಸಾ ಪ್ರಿಂಟ್‌ನ್ಯಾಗ ಆ ಸುಟ್ಟ ಆಟಗಿ ಇಲ್ಲ, ಕಂಪ್ಯೂಟರ್ ಹಡಗು ಅದ. ಖರೇ ಹೇಳ್ಬೇಕಂದ್ರ ಆ ಒಂದು ಎಪಿಸೋಡ್‌ಗೆ ಹೊಸಾ ಎಫೆಕ್ಟೇ ಚಂದ ಕೂಡ್ಯದ, ಹೊಸಬರಿಗೆ ತೋರಿಸೋದಾದ್ರ ನಾನೂ ಅದನ್ನೇ ಹಾಕ್ತೀನಿ. ಆದ್ರ ಒಬ್ನೇ ಕುಂತಾಗ ಹಳೇದು. ಖರೇ ಎಂಟರ್‌ಪ್ರೈಸ್ ಮಾಡೆಲ್ಲು 11 ಫೂಟ್ ಉದ್ದದ್ದು, ಈಗ ಅಮೆರಿಕಾದ ಸ್ಮಿತ್ಸೋನಿಯನ್ ವಿಮಾನ ಮ್ಯೂಸಿಯಂದಾಗ ಇಟ್ಟಾರ, ಮ್ಯೂಸಿಯಂದಾಗ ಇಡೋವಷ್ಟು ದೊಡ್ಡ ವಸ್ತು ಎಪಿಸೋಡ್‌ನ್ಯಾಗಿಂದ ತಗದುಹಾಕಿದ್ರ ಹೆಂಗ್ರಿ.

ಇನ್ನ ವಿಎಚ್‌ಎಸ್. ನಿಮ್ಮ ಪ್ರಶ್ನೆದಾಗ ಅದರ ಮ್ಯಾಲ ಜರಾ ಆಸಿ ಕಾಣ್ತದ, ಕವರ್ ಚಂದ ಇರ್ತಾವ ನಾ ಇಲ್ಲ ಅನ್ನಲ್ಲ. ನಮ್ಮ ಕಾಕಾ ಶಕ್ತಿನಗರ ಥರ್ಮಲ್‌ದಾಗ ಕೆಲಸಕ್ಕಿದ್ರು, ಅಲ್ಲಿ ಕಾಲೊನಿಯೊಳಗ ಯಾರೋ ಟ್ರಾನ್ಸ್‌ಫರ್ ಆಗಿ ಹೋಗೋವಾಗ ಬಿಟ್ಟು ಹೋದ ಇಂಗ್ಲಿಷ್ ಕ್ಯಾಸೆಟ್ಟು ಒಂದಿಷ್ಟು ನಮ್ಮ ಮನಿಗೆ ಬಂದ್ವು, ಅದರೊಳಗ ಸ್ಟಾರ್ ಟ್ರೆಕ್ಕೂ ಇತ್ತು, ನನ್ನ ಚಟ ಅಲ್ಲಿಂದ ಶುರು. ಅದಕ್ಕಿಂತ ಮೊದ್ಲು ಎಂಬತ್ತರ ದಶಕದಾಗ ಐತಾರ ಮುಂಜಾನೆ ದೂರದರ್ಶನದಾಗ ಬರ್ತಿತ್ತು ನೆನಪಿರಬಹುದು, ಸಬ್‌ಟೈಟಲ್ ಇಲ್ಲ ಏನಿಲ್ಲ, ಅವ್ರ ಇಂಗ್ಲಿಷ್ ಅರ್ಧ ತಿಳೀತಿರ್ಲಿಲ್ಲ, ಉದ್ದ ಕಿವಿಯಂವ ಏನೋ ಶಾಣ್ಯಾ ಮಾತು ಹೇಳ್ದ ಅಂತ ತಿಳ್ಕೊಂಡು ನೋಡೋದು. (ಡಿಸ್ಕ್‌ನ್ಯಾಗ ಇಂಗ್ಲಿಷ್ ಸಬ್‌ಟೈಟಲ್ ಅದಾವ, ನಮ್ಮಂಥವ್ರಿಗೆ ಅದೇ ದೊಡ್ಡ ಉಪಕಾರ.) ಮಾತಿಗೆ ಮಾತು ಬಂತು ಹೇಳ್ತೀನಿ, ರಾಯಚೂರು ಅಂದ್ರ ಹಿಂದುಳಿದ ಜಿಲ್ಲಾ ಅಂತಾರಲ್ಲ, 1975-76ರಾಗ ನಾಸಾದ ಎಟಿಎಸ್-6 ಉಪಗ್ರಹದಿಂದ ಸೀದಾ ಹಳ್ಳಿ ಟಿವಿಗೆ ಪ್ರೋಗ್ರಾಂ ಇಳಿಸಿದ್ರು ನೋಡ್ರಿ, ಸೈಟ್ ಅಂತ, ಕರ್ನಾಟಕದಾಗ ಅದು ಬಂದಿದ್ದು ರಾಯಚೂರು, ಗುಲ್ಬರ್ಗಾ, ಬಿಜಾಪುರ ಹಳ್ಳಿಗಳಿಗೆ. ಕೋಳಿ ಜಾಳಿಗಿಯಿಂದ ಮಾಡಿದ ಡಿಶ್ಶು! ಬ್ಯಾರೆ ಎಷ್ಟೋ ಕಡಿ ಜನ ಟಿವಿ ಕಂಡಿರ್ಲಿಲ್ಲ, ನಮ್ಮ ಕಡಿ ಹಳ್ಯಾಗ ಆಕಾಶದಿಂದ ಇಳೀತಿತ್ತು.

ಹಾಂ, ಕ್ಯಾಸೆಟ್. ನೋಡೋ ಸಲುವಾಗಿ ವಿಎಚ್‌ಎಸ್ ತಗೋಬ್ಯಾಡ್ರಿ. ಆ ರೀಲ್ ಅಂದ್ರ ಪ್ಲಾಸ್ಟಿಕ್ ಪಟ್ಟಿ ಮ್ಯಾಲ ಕಬ್ಬಿಣದ ಆಕ್ಸೈಡ್ ಪುಡಿ ಅಂಟಿಸಿದ್ದು, ಬಳ್ಳಾರಿ-ಸಂಡೂರು ಕಡಿಯವ್ರಿಗೆ ಹೇಳಿದ್ರ ನಗ್ತಾರ, ಅವ್ರು ದಿನಾ ಅಂಗಿ ಮ್ಯಾಲಿಂದ ಝಾಡಿಸ್ಕೊಳ್ಳೋದು ಅದೇ ಜಾತಿ ಪುಡಿ. ಪುಡಿ ಹಿಡ್ಕೊಂಡಿರೋ ಅಂಟು ನಮ್ಮ ಬಿಸಿಲಿಗೆ ಹಾಳಾಗ್ತದ, ಮಳಿಗಾಲದಾಗ ರೀಲಿಗೆ ಬಿಳೇ ಬೂಷ್ಟು ಹಿಡೀತದ, ಬೂಷ್ಟು ಹಿಡಿದ ಕ್ಯಾಸೆಟ್ ಹಾಕಿದ್ರ ಹೆಡ್ಡೂ ಹೊಲಸು. ರಿಪೇರಿ ಮಾಡೋರು ಯಾರದಾರ ಈಗ, ವಿಸಿಆರ್ ತಯಾರು ಮಾಡ್ತಿದ್ದ ಕಟ್ಟಕಡೀ ಕಂಪನಿ, ಜಪಾನಿನ ಫುನಾಯ್, ಅದೂ 2016ಕ್ಕ ನಿಲ್ಲಿಸ್ತು. ಕವರ್ ಸಲುವಾಗಿ ಒಂದೆರಡು ಇಟ್ಕೋರಿ ಸಾಕು.

ಹಂಗಂದ್ರೂ ಒಂದು ಕ್ಯಾಸೆಟ್ ಬಗ್ಗೆ ಹೇಳ್ಲೇಬೇಕು, ಕಲೆಕ್ಟರ್ ಮಂದಿಗೆ ಅದರ ಮ್ಯಾಲ ಪ್ರೀತಿ. 'ದಿ ಕೇಜ್' ಅಂತ, ಸೀರಿಯಲ್ಲಿನ ಮೊಟ್ಟಮೊದಲ ಪೈಲಟ್, ಅಂದ್ರ ಚಾನೆಲ್‌ನವ್ರಿಗೆ ತೋರಿಸ್ಲಿಕ್ಕ ಮಾಡೋ ನಮೂನಾ ಎಪಿಸೋಡ್. 1964ರ ಕೊನೀಗೆ ಶೂಟಿಂಗ್ ಆಗಿದ್ದು, ಅದರೊಳಗ ಕರ್ಕ್ ಇಲ್ಲ, ಜೆಫ್ರಿ ಹಂಟರ್ ಅನ್ನೋರು ಪೈಕ್ ಅಂತ ಕ್ಯಾಪ್ಟನ್, ಸ್ಪಾಕ್ ಮಾತ್ರ ಅದಾನ. ಎನ್‌ಬಿಸಿ ಚಾನೆಲ್‌ನವ್ರು ಇದು ಬ್ಯಾಡ, ಇನ್ನೊಂದು ಮಾಡಿ ತೋರಿಸ್ರಿ ಅಂದ್ರು. ಆಮ್ಯಾಲ 1966ರಾಗ ಅದರ ನೆಗೆಟಿವ್ ಕತ್ತರಿಸಿ 'ದಿ ಮೆನಾಜೆರಿ' ಅಂತ ಎರಡು ಭಾಗದ ಎಪಿಸೋಡ್‌ನ್ಯಾಗ ಬಳಸ್ಕೊಂಡ್ರು, ಹಂಗಾಗಿ ಪೂರಾ ಕಲರ್ ಪ್ರಿಂಟ್ ಇಲ್ಲಂತ್ಲೇ ಎಲ್ರೂ ತಿಳ್ಕೊಂಡಿದ್ರು. 1986ರಾಗ ಕ್ಯಾಸೆಟ್ ಬಿಡೋವಾಗ ಕಲರ್ ಇದ್ದಲ್ಲಿ ಕಲರ್, ಇಲ್ದಲ್ಲಿ ಸೀರಿಯಲ್ ಹುಟ್ಟಿಸಿದ ಜೀನ್ ರಾಡನ್‌ಬೆರಿ ಹತ್ರ ಇದ್ದ 16 ಎಂಎಂ ಕಪ್ಪು-ಬಿಳುಪು ಪ್ರಿಂಟ್ ಸೇರಿಸಿ ಹೊಲ್ದಾರ, ಒಂದು ಶಾಟ್ ಬಣ್ಣ, ಮುಂದಿಂದು ಕಪ್ಪು-ಬಿಳುಪು. ಮುಂದ ಕಲರ್ ತುಂಡು ಸಿಕ್ಕು 1988ರಾಗ ಪೂರಾ ಬಣ್ಣದಾಗ ಟಿವಿಗೆ ಬಂತು. ಬ್ಲೂ-ರೇ ಮೂರನೇ ಸೀಸನ್‌ನ್ಯಾಗ 'ದಿ ಕೇಜ್' ಅದ, ಜೊತಿಗೆ ಎರಡನೇ ಪೈಲಟ್ಟಿಂದು ಯಾವತ್ತೂ ಪ್ರಸಾರ ಆಗ್ದ ಮೂಲ ಎಡಿಟಿಂಗೂ ಅದ, ಜರ್ಮನಿಯೊಳಗ ಒಬ್ಬ ಫಿಲ್ಮ್ ಕಲೆಕ್ಟರ್ ಹತ್ರ ಅದರ ಪ್ರಿಂಟ್ ಸಿಕ್ಕಿತ್ತು. ಮೂರನೇ ಸೀಸನ್ ಕಥಿಗಳು ಸಪ್ಪಗ ಅಂತ ಬಿಡೋರದಾರ, ಬಿಡಬ್ಯಾಡ್ರಿ, ಸಂಗ್ರಹ ಮಾಡೋರಿಗೆ ಖರೇ ಮಾಲು ಇರೋದೇ ಅದರೊಳಗ.

ಡಿವಿಡಿಯೊಳಗ 1999ರಿಂದ ಬಂದ ಬಿಡಿ ಬಿಡಿ ವಾಲ್ಯೂಮ್ ಕಂಡ್ರ ಕೈ ಹಾಕಬ್ಯಾಡ್ರಿ. ಒಂದು ಡಿಸ್ಕಿಗೆ ಎರಡೇ ಎಪಿಸೋಡ್, ಹಿಂಗ 40 ವಾಲ್ಯೂಮ್. ಯಾರೋ 23 ಕೊಡ್ತಾರ, ಉಳಿದ 17 ಹುಡುಕ್ಕೊಂತ ಕುಂದ್ರಬೇಕು, ಕಪಾಟು ಪೂರಾ ಅದೇ ತುಂಬ್ತದ. ಅವು ಶೂಟಿಂಗ್ ಆದ ಕ್ರಮದಾಗ ಅವ, 2004ರ ಸೆಟ್ಟು ಟಿವಿಯೊಳಗ ಬಂದ ಕ್ರಮದಾಗ, ಅದಕ್ಕ ಎರಡನ್ನೂ ಇಟ್ಕೊಂಡೋರಿಗೆ ತಲಿ ಕೆಡ್ತದ. ಎರಡನೇ ಪೈಲಟ್ ಶೂಟಿಂಗ್ ಆಗಿದ್ದು 1965ರಾಗ, ಟಿವಿಗೆ ಬಂದಿದ್ದು ಮೂರನೇ ವಾರ, ಅದಕ್ಕೇ ಅದರೊಳಗ ಡ್ರೆಸ್ ಬ್ಯಾರೆ, ಡಾಕ್ಟ್ರೂ ಬ್ಯಾರೆ. ನನ್ನ ಕೇಳಿದ್ರ ಮೊದಲ ಸಲ ನೋಡೋರು ಶೂಟಿಂಗ್ ಕ್ರಮದಾಗ ನೋಡೋದು ಛಲೋ, ಪಾತ್ರಗಳು ಹೆಂಗ ಬೆಳದ್ವು ಗೊತ್ತಾಗ್ತದ.

2004ರ ಡಿವಿಡಿ ಸೆಟ್ ಮಾತ್ರ ಸಸ್ತಾ ಸಿಕ್ರ ತಗೋರಿ, ಮೂರು ಪ್ಲಾಸ್ಟಿಕ್ ಡಬ್ಬಿ, ಹಳದಿ, ನೀಲಿ, ಕೆಂಪು, ಹಡಗಿನವ್ರ ಅಂಗಿ ಬಣ್ಣದ್ದು. (ಕರ್ಕ್‌ನ ಆ ಹಳದಿ ಅಂಗಿ ಖರೇ ಅಂದ್ರ ತಿಳಿ ಹಸುರು ಬಟ್ಟಿ, ಲೈಟಿಗೆ ಫಿಲ್ಮ್ ಮ್ಯಾಲ ಹಳದಿ ಬಿತ್ತು ಅಷ್ಟೇ.) ಕಪಾಟಿನ್ಯಾಗ ಇದ್ರಷ್ಟು ಚಂದ ಯಾವ ಸೆಟ್ಟೂ ಕಾಣಲ್ಲ. 2007ರ ಎಚ್‌ಡಿ ಡಿವಿಡಿ (ಬ್ಲೂ-ರೇಗೆ ಎದುರಾಳಿಯಾಗಿದ್ದ ಡಿಸ್ಕ್ ಫಾರ್ಮ್ಯಾಟ್) ಅಂತ ಒಂದು ಬಂದದ, 10 ಡಿಸ್ಕು, ಮೊದಲ ಸೀಸನ್ ಮಾತ್ರ, ಯಾಕಂದ್ರ 2008ರ ಫೆಬ್ರುವರಿದಾಗ ತೊಷಿಬಾದವ್ರು ಆ ಫಾರ್ಮ್ಯಾಟೇ ಬಿಟ್ಟುಬಿಟ್ರು, ಉಳಿದ ಎರಡು ಸೀಸನ್ ಬರ್ಲೇ ಇಲ್ಲ. ಅನಾಥ ಕೂಸು. ಡಿಸ್ಕಿನ ಇನ್ನೊಂದು ಮಗ್ಗಲು ಮಾಮೂಲಿ ಡಿವಿಡಿ ಇರೋದಕ್ಕ ಪೂರಾ ವೇಸ್ಟ್ ಅಲ್ಲ. 2016ರಾಗ 'ರಾಡನ್‌ಬೆರಿ ವಾಲ್ಟ್' ಅಂತ ಬ್ಲೂ-ರೇ ಬಂತು, ಕತ್ತರಿಸಿ ಇಟ್ಟಿದ್ದ ಹಳೇ ಫಿಲ್ಮ್ ತುಂಡುಗಳು ಮತ್ತ 12 ಎಪಿಸೋಡು, ಅದು ಎಲ್ಲಾ ಆದ ಮ್ಯಾಲ, ರೊಕ್ಕ ಉಳದ್ರ.

ಈಗ ಊರ ಕಡಿ ತ್ರಾಸಿನ ಮಾತು. ಡಿವಿಡಿಗೆ ರೀಜನ್ ನಂಬರ್ ಇರ್ತದ, ಯಾವ ಕಡಿ ಪ್ಲೇಯರ್‌ನ್ಯಾಗ ಓಡ್ತದ ಅಂತ ಹೇಳೋದು, ಇಂಡಿಯಾದ್ದು 5, ಅಮೆರಿಕಾದ್ದು 1, ಇಂಗ್ಲೆಂಡ್ 2. ಬ್ಲೂ-ರೇಗೆ ನಂಬರ್ ಇಲ್ಲ, ಅಕ್ಷರ, ನಮ್ದು ಸಿ. ಹೊರಗಿಂದ ತರಿಸೋವಾಗ ಡಬ್ಬಿ ಹಿಂದ ಏನು ಬರದದ ಅಂತ ಫೋಟೋ ಹಾಕಿಸ್ಕೊಂಡು, ನಿಮ್ಮ ಪ್ಲೇಯರ್ ಅದನ್ನ ತಗೋತದೇನು ನೋಡಿ ಆಮ್ಯಾಲ ರೊಕ್ಕ ಕಳಿಸ್ರಿ, ಗೇಮ್ ಆಡೋ ಮಷೀನ್‌ನ್ಯಾಗ ಹಾಕೋರಿಗೂ ಇದೇ ಮಾತು. ಇಂಗ್ಲೆಂಡ್ ಡಿವಿಡಿ ಸಸ್ತಾ ಸಿಗ್ತಾವ, ಆದ್ರ ಅವು ಪಾಲ್ ಅನ್ನೋ ಅಲ್ಲಿಯ ಟಿವಿ ಪದ್ಧತಿಯವು, ಸೆಕೆಂಡಿಗೆ 24 ಫ್ರೇಮಿನ ಫಿಲ್ಮನ್ನ 25ರಾಗ ಓಡಿಸ್ತಾವ, ಅದಕ್ಕ 50 ನಿಮಿಷದ ಎಪಿಸೋಡ್ 48ಕ್ಕೇ ಮುಗೀತದ, ದನಿನೂ ಚೂರು ಕೀರಲಾಗಿ ಕೇಳ್ತದ. ಮಂದಿಗೆ ಗೊತ್ತೇ ಆಗಲ್ಲ. ಒಮ್ಮೆ ಗೊತ್ತಾತಂದ್ರ ಬಿಡಂಗಿಲ್ಲ, ಸ್ಪಾಕ್ ಅವಸರದಾಗ ಮಾತಾಡ್ಲಿಕತ್ಯಾನ ಅನಸ್ತದ.

ರಾಯಚೂರು, ಕೊಪ್ಪಳ ಕಡಿ ಅಂಗಡಿಯೊಳಗ ಇವು ಹುಡುಕಿ ಸುಸ್ತಾಗಬ್ಯಾಡ್ರಿ. ರಾಯಚೂರಿನ ತೀನ್ ಕಂದೀಲ್ ಸುತ್ತಮುತ್ತ ಮೊದ್ಲು ಸಿಡಿ ಮಾರೋರು ಈಗ ಮೊಬೈಲ್ ಕವರ್ ಮಾರ್ತಾರ. ನನಗ ಸಿಕ್ಕಿದ್ದು ಜಾಸ್ತಿ ಹೈದರಾಬಾದಿಂದ, ಐತಾರ ಅಬಿಡ್ಸ್‌ನ್ಯಾಗ ಫುಟ್‌ಪಾತ್ ಮ್ಯಾಲ ಹಳೇ ಪುಸ್ತಕ ಹರವಿರ್ತಾರ, ಪುಸ್ತಕದ ನಡುವು ಒಮ್ಮೊಮ್ಮೆ ಡಿಸ್ಕೂ ಇರ್ತಾವ, ಮುಂಜಾನೆ ಟ್ರೇನ್ ಹಿಡಿದ್ರ ರಾತ್ರಿಗೆ ವಾಪಸ್. ಉಳಿದದ್ದು ಆನ್‌ಲೈನ್ ಸೆಕೆಂಡ್ ಹ್ಯಾಂಡ್. ಅಲ್ಲಿ "ಕಂಪ್ಲೀಟ್ ಸೀರೀಸ್" ಅಂತ ತೀರಾ ಸಸ್ತಾದಾಗ ಕಂಡ್ರ ಡಿಸ್ಕ್ ತಿರುವಿ ಫೋಟೋ ಕೇಳ್ರಿ. ಅಡಿ ಬೆಳ್ಳಿ ಬಣ್ಣ ಇಲ್ಲಾ ಎರಡು ಲೇಯರ್ ಇದ್ರ ಜರಾ ಬಂಗಾರದ ಬಣ್ಣ ಇದ್ರ ಫ್ಯಾಕ್ಟರಿಯೊಳಗ ಒತ್ತಿದ್ದು, ನೇರಳೆ ಹೊಡೀತಿದ್ರ ಯಾರೋ ಮನ್ಯಾಗ ಬರ್ನ್ ಮಾಡಿದ್ದು. ಬರ್ನ್ ಮಾಡಿದ್ರಾಗ ಬಣ್ಣದ ಪದರಿನ ಮ್ಯಾಲ ಡೇಟಾ ಇರ್ತದ, ಏಪ್ರಿಲ್-ಮೇದಾಗ ನಮ್ಮಲ್ಲಿ 42-43 ಡಿಗ್ರಿ ಆಗ್ತದಲ್ಲ, ಅದಕ್ಕ ತಡಿಯಂಗಿಲ್ಲ. ಒತ್ತಿದ ಡಿಸ್ಕ್ ಅಷ್ಟು ಸುಲಭಕ್ಕ ಹಾಳಾಗಲ್ಲ, ಆದ್ರ ಬಿಸಿಲು ಬೀಳೋ ಗ್ವಾಡಿಗೆ ಹಚ್ಚಿ ಕಪಾಟ್ ಇಡಬ್ಯಾಡ್ರಿ, ಒಂದರ ಮ್ಯಾಲೊಂದು ಮಲಗಿಸಬ್ಯಾಡ್ರಿ, ನಿಲ್ಲಿಸಿ ಇಡ್ರಿ, ಧೂಳು ಒರಸೋದಾದ್ರ ನಡುವಿಂದ ಅಂಚಿಗೆ ಸೀದಾ, ದುಂಡಗ ತಿರುವಬ್ಯಾಡ್ರಿ. ಬ್ಲೂ-ರೇದಾಗ ಡೇಟಾ ಮ್ಯಾಲ್ಮೈಯಿಂದ 0.1 ಮಿಲಿಮೀಟರ್ ಒಳಗ ಅಷ್ಟೇ ಇರ್ತದ (ಡಿವಿಡಿಯೊಳಗ 0.6), ಅದಕ್ಕೇ ಮ್ಯಾಲ ಗಟ್ಟಿ ಕೋಟಿಂಗ್ ಕೊಟ್ಟಾರ, ಕೋಟಿಂಗ್ ದಾಟಿ ಆಳಕ್ಕ ಗೀರು ಬಿದ್ದಿದ್ರ ಪಾಲಿಶ್ ಮಾಡಿ ಉಳಿಸ್ಲಿಕ್ಕ ಬರಲ್ಲ, ಅಂಥದ್ದು ತಗೋಬ್ಯಾಡ್ರಿ.

ಬ್ಲೂ-ರೇ ಸೆಟ್ ಕೈಗೆ ಬಂದ ಕೂಡ್ಲೇ ಡಿಸ್ಕ್ ಎಣಿಸ್ಕೋರಿ: ಮೊದಲ ಸೀಸನ್ 7, ಎರಡನೇದು 7, ಮೂರನೇದು 6, ಒಟ್ಟು 20. ಎಪಿಸೋಡ್ 79, 'ದಿ ಕೇಜ್' ಹಿಡಿದ್ರ 80. ಸೆಕೆಂಡ್ ಹ್ಯಾಂಡ್‌ನ್ಯಾಗ ಒಂದು ಡಿಸ್ಕ್ ಕಡಿಮಿ ಇರೋದು, ಇಲ್ಲಾ ಬೇರೆ ಸೀಸನ್ ಡಿಸ್ಕ್ ತುರುಕಿರೋದು ಬಾಳ ಆಗ್ತದ, ವಾಪಸ್ ಕೊಡೋ ಟೈಮ್ ಮುಗಿಯೋದ್ರೊಳಗ ಎಲ್ಲಾ ಡಿಸ್ಕ್ ಒಂದೊಂದು ನಿಮಿಷನಾದ್ರೂ ಓಡಿಸಿ ನೋಡ್ರಿ. ನಿಮ್ಮ ಹತ್ರ ಪ್ಲೇಯರ್ ಯಾವ್ದದ ಅಂತ ಕೆಳಗ ಬರೀರಿ, ಯಾವ ದೇಶದ ಸೆಟ್ ನಡೀತದ ಅಂತ ನೋಡಿ ಹೇಳ್ತೀನಿ.