ಕಾವಲು ಅವರದಾಗಲಿ, ಬೀಗದ ಕೈ ನಿಮ್ಮಲ್ಲಿರಲಿ

ನಮಸ್ಕಾರ. ಜಯನಗರದ ನಿಮ್ಮ ನಲವತ್ತು ಜನರ ಲೆಕ್ಕಪರಿಶೋಧನಾ ಕಚೇರಿಯ ಕಂಪ್ಯೂಟರ್ ಭದ್ರತೆಯನ್ನು ಪೂರ್ತಿಯಾಗಿ ಹೊರಗಿನ ಸಂಸ್ಥೆಗೆ ಒಪ್ಪಿಸಬಹುದೇ ಎಂದು ಕೇಳಿದ್ದೀರಿ. ಕಾವಲನ್ನು ಒಪ್ಪಿಸಿ, ಅಧಿಕಾರವನ್ನಲ್ಲ.

ಲಾಭ ನಿಜವಾದದ್ದೇ. ವಾರಕ್ಕೆ 168 ಗಂಟೆ. ಒಂದೇ ಕುರ್ಚಿಯಲ್ಲಿ ಹಗಲಿರುಳು ಒಬ್ಬರು ಕುಳಿತಿರಬೇಕೆಂದರೂ ರಜೆ ಸೇರಿಸಿ ನಾಲ್ಕೈದು ಜನ ಬೇಕು. ನಿಮ್ಮಷ್ಟು ಸಣ್ಣ ಕಚೇರಿಗೆ ಅದು ಆಗದ ಮಾತು. ಬೆಂಗಳೂರಿನಲ್ಲಂತೂ ಪಳಗಿದವರನ್ನು ದೊಡ್ಡ ಕಂಪನಿಗಳು ಬೇಗ ಸೆಳೆದುಕೊಳ್ಳುತ್ತವೆ.

ನನಗೆ ಭಯವಿರುವುದು ಬೇರೆ ಕಡೆ. 2021ರ ಜುಲೈನಲ್ಲಿ, ಇಂಥ ಸೇವಾ ಸಂಸ್ಥೆಗಳು ಗ್ರಾಹಕರ ಕಂಪ್ಯೂಟರ್‌ಗಳನ್ನು ದೂರದಿಂದಲೇ ನೋಡಿಕೊಳ್ಳಲು ಬಳಸುತ್ತಿದ್ದ ಕಸೇಯಾ ತಂತ್ರಾಂಶದ ದೋಷವೊಂದನ್ನು ಹಿಡಿದು ದಾಳಿಕೋರರು ಅವರ ಗ್ರಾಹಕರ ಕಂಪ್ಯೂಟರ್‌ಗಳಿಗೇ ನುಗ್ಗಿದರು. ಸ್ವೀಡನ್ನಿನಲ್ಲಿ ಕೋಪ್ ಸರಣಿಯ ನೂರಾರು ದಿನಸಿ ಅಂಗಡಿಗಳು ಬಾಗಿಲು ಹಾಕಬೇಕಾಯಿತು. ಅಂಗಡಿಯವರು ಮಾಡಿದ ತಪ್ಪೇನೂ ಇರಲಿಲ್ಲ! ಆದ್ದರಿಂದ ಎಲ್ಲವನ್ನೂ ಬದಲಿಸುವ ಅಧಿಕಾರವಿರುವ ಮುಖ್ಯ ಅಡ್ಮಿನ್ ಖಾತೆ ನಿಮ್ಮ ಕೈಯಲ್ಲಿರಲಿ. ಬ್ಯಾಕಪ್‌ನ ಒಂದು ಪ್ರತಿ ಆ ಸೇವಾ ಸಂಸ್ಥೆಗೂ ಎಟುಕದ ಜಾಗದಲ್ಲಿರಲಿ. ಅದರಿಂದ ಕಡತಗಳು ನಿಜಕ್ಕೂ ಮರಳಿ ಬರುತ್ತವೆಯೇ ಎಂದು ಆಗಾಗ ತೆರೆದು ನೋಡಿ.

ಕಾನೂನಿನ ಹೊಣೆಯೂ ನಿಮ್ಮ ಹೆಗಲಿನಿಂದ ಇಳಿಯುವುದಿಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನದಂತೆ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಅದಕ್ಕೆ ವರದಿ ಮಾಡಬೇಕು, ಲಾಗ್‌ಗಳನ್ನು, ಅಂದರೆ ಕಂಪ್ಯೂಟರ್‌ನಲ್ಲಿ ಯಾವಾಗ ಏನು ನಡೆಯಿತೆಂಬ ದಾಖಲೆಗಳನ್ನು, 180 ದಿನ ಕಾಪಾಡಬೇಕು. ಶನಿವಾರ ನಡುರಾತ್ರಿ ಏನಾದರೂ ಕಂಡರೆ ಸೇವಾ ಸಂಸ್ಥೆಯವರು ಯಾರಿಗೆ ಫೋನ್ ಮಾಡುತ್ತಾರೆ, ಒಪ್ಪಂದ ಮುಗಿದ ದಿನ ಆ ಲಾಗ್‌ಗಳನ್ನು ಯಾವ ರೂಪದಲ್ಲಿ ಮರಳಿಸುತ್ತಾರೆ ಎಂಬುದನ್ನು ಬರೆಸಿಕೊಳ್ಳದೆ ದಯವಿಟ್ಟು ಸಹಿ ಹಾಕಬೇಡಿ.