ಹಾರ್ಮೋನ್ ಮಾತ್ರೆ ಇಲ್ದೆ ಹಾಟ್ ಫ್ಲಾಶ್ ಕಮ್ಮಿ ಮಾಡ್ಕೊಳಕ್ಕೆ ಸೆಲ್ಫ್ ಹಿಪ್ನಾಸಿಸ್ ಕೆಲ್ಸ ಮಾಡುತ್ತಾ?

ಬ್ರೆಸ್ಟ್ ಕ್ಯಾನ್ಸರ್ ಆಗಿದ್ದಕ್ಕೆ ನಿಮ್ಮಮ್ಮಂಗೆ ಡಾಕ್ಟ್ರು ಹಾರ್ಮೋನ್ ಬೇಡ ಅಂದಿದಾರೆ, ಹಾಟ್ ಫ್ಲಾಶ್ಗೆ, ಅಂದ್ರೆ ಇದ್ದಕ್ಕಿದ್ದಂಗೆ ಮೈಗೆ ಝಳ ಏರೋದಕ್ಕೆ, ಸೆಲ್ಫ್ ಹಿಪ್ನಾಸಿಸ್ (ಮೈ ಸಡ್ಲ ಬಿಟ್ಟು ಮನಸ್ಸಲ್ಲೇ ತಂಪು ನೆನೆಸ್ಕೊಳೋದು) ಟ್ರೈ ಮಾಡ್ಬೋದಾ ಅಂತ ಕೇಳಿದೀರ. ನಂಗಂತೂ ಉಪಯೋಗ ಆಗಿದೆ, ಆದ್ರೆ ಪೂರ್ತಿ ಹೋಗಿಲ್ಲ, ಮೊದ್ಲೇ ಹೇಳ್ಬಿಡ್ತೀನಿ.

ನಾನು ತುಮಕೂರಲ್ಲಿ ಮನೇಲೇ ಬ್ಲೌಸ್ ಹೊಲಿಯೋಳು, ವಯಸ್ಸು 52. ಹೋದ್ ವರ್ಷ ಬೇಸ್ಗೇಲಿ ಮೆಷಿನ್ ಮುಂದೆ ಕೂತಿದ್ದಂಗೇ ಎದೆಯಿಂದ ಕತ್ತು, ಮುಖಕ್ಕೆಲ್ಲ ಗುಪ್ ಅಂತ ಝಳ ಏರೋದು, ಒಂದಿನ ಯಾರ್ದೋ ಮದ್ವೆ ರೇಷ್ಮೆ ಬ್ಲೌಸ್ ಮೇಲೆ ಬೆವ್ರು ತೊಟ್ಟಿಕ್ಕಿ ಕಲೆ ಆಗಿ ಬಟ್ಟೆ ದುಡ್ಡು ನಾನೇ ಕೊಟ್ಟೆ. ಮುಟ್ಟು ನಿಲ್ಲೋ ವಯಸ್ಸಲ್ಲಿ ಈಸ್ಟ್ರೋಜನ್ ಅನ್ನೋ ಹೆಣ್ಣಿನ ಹಾರ್ಮೋನ್ ಕಮ್ಮಿ ಆದಾಗ ಮೆದುಳಲ್ಲಿ ಮೈ ಬಿಸಿ ನೋಡ್ಕೊಳೋ ಜಾಗ ಸೂಕ್ಷ್ಮ ಆಗ್ಬಿಡುತ್ತಂತೆ, ಒಂಚೂರು ಬಿಸಿ ಏರಿದ್ರೂ ಬೆವ್ರಿಸಿ ಹಾಕುತ್ತೆ.

ಮಗಳು ಹುಡುಕಿ ಓದಿ ಹೇಳಿದ್ಲು, ಅಮೆರಿಕದ ಬೇಲರ್ ಯೂನಿವರ್ಸಿಟಿಲಿ ಗ್ಯಾರಿ ಎಲ್ಕಿನ್ಸ್ ಅಂತ ಪ್ರೊಫೆಸರ್, ಅವ್ರ 2013ರ ಸ್ಟಡೀಲಿ 187 ಹೆಂಗಸ್ರು, 5 ವಾರ ಹಿಪ್ನಾಸಿಸ್ ಮಾಡಿಸ್ಕೊಂಡೋರಿಗೆ 12ನೇ ವಾರದ ಹೊತ್ಗೆ ಹಾಟ್ ಫ್ಲಾಶ್ 74% ಕಮ್ಮಿ, ಬರೀ ಕೂರಿಸಿ ಮಾತಾಡಿಸಿದೋರಿಗೆ 17%. ಅದಕ್ಕೂ ಮುಂಚೆ 2008ರಲ್ಲಿ ಬ್ರೆಸ್ಟ್ ಕ್ಯಾನ್ಸರ್ ಆದೋರ ಮೇಲೇ ನೋಡಿದಾರೆ, ಅಲ್ಲೂ ಕಮ್ಮಿ ಆಗಿದೆ. ಆದ್ರೆ ಅವೆಲ್ಲ ಥೆರಪಿಸ್ಟ್ ಎದುರಿಗೆ ಮಾಡಿಸಿ, ಜೊತೆಗೆ ಮನೇಲೂ ಪ್ರಾಕ್ಟೀಸ್ ಮಾಡ್ಸಿದ್ದು, ಬರೀ ಆಡಿಯೋ ಕೇಳಿ ಅಷ್ಟೇ ಬರುತ್ತೆ ಅಂತ ಲೆಕ್ಕ ಹಾಕ್ಬೇಡಿ.

ಮಾಡೋದೇನು ಅಂದ್ರೆ ಕಣ್ಮುಚ್ಚಿ ಮೈ ಸಡ್ಲ ಬಿಟ್ಟು ತಣ್ಣಗಿರೋ ಜಾಗ ನೆನೆಸ್ಕೊಳೋದು, ದಿನಾ 15-20 ನಿಮಿಷ. (ಪಕ್ಕದ್ಮನೆ ಆಂಟಿ ‘ವಶೀಕರಣನಾ?’ ಅಂದ್ರು. ನಿದ್ದೆನೂ ಬರಲ್ಲ, ಎಚ್ಚರಾನೂ ತಪ್ಪಲ್ಲ.) ಮೊದ್ಲು ಫೋನಲ್ಲಿ ಇಂಗ್ಲಿಷ್ ಆಡಿಯೋ ಹಾಕ್ಕೊಂಡೆ, ಹಿಮ ಬೀಳ್ತಿದೆ ಅಂತ ಏನೇನೋ ಹೇಳ್ತಿತ್ತು, ನಾನು ಹಿಮ ಕಂಡಿರೋದು ಫ್ರಿಡ್ಜಲ್ಲಿ ಮಾತ್ರ! ಹತ್ತು ದಿನ ಕೇಳಿದ್ರೂ ಏನೂ ಅನ್ನಿಸ್ಲಿಲ್ಲ. ಆಮೇಲೆ ಮಗಳು ಕನ್ನಡದಲ್ಲಿ ನಿಧಾನಕ್ಕೆ ಓದಿ ರೆಕಾರ್ಡ್ ಮಾಡಿದ್ಲು, ನಮ್ಮೂರ ಹತ್ರ ಇರೋ ನಾಮದ ಚಿಲುಮೆ ಅನ್ನೋ ನೀರಿನ ಬುಗ್ಗೆ ಪಕ್ಕ ಮರದ ನೆರಳು, ಬಂಡೆ ಮೇಲೆ ಬರಿಗಾಲು, ನೀರಲ್ಲಿ ಬೊಗಸೆ ಅದ್ದಿ ಕತ್ತಿಗೆ ಒತ್ಕೊಂಡಂಗೆ. ಅದು ಹಿಡಿಸ್ತು. ಮೂರ್ನೇ ವಾರದಿಂದ ರಾತ್ರಿ ನಾಲ್ಕೈದ್ ಸಲ ಏಳ್ತಿದ್ದೋಳು ಈಗ ಒಂದೋ ಎರಡೋ. ಝಳ ಶುರುವಾಗೋ ಸುಳಿವು ಸಿಕ್ಕಿದ್ರೆ ಕತ್ತರಿ ಕೆಳಗಿಟ್ಟು ಆ ಬೊಗಸೆ ನೀರೊಂದ್ನೇ ನೆನೆಸ್ಕೋತೀನಿ.

ಅಮ್ಮನ ಕ್ಯಾನ್ಸರ್ ಡಾಕ್ಟ್ರಿಗೆ ಒಂದ್ಮಾತು ಹೇಳಿ, ಅವ್ರು ಕೊಟ್ಟಿರೋ ಮಾತ್ರೆ ಯಾವ್ದೂ ಇದಕ್ಕೋಸ್ಕರ ನಿಲ್ಲಿಸ್ಬೇಡಿ. ಯಾವ ಜಾಗ ಅನ್ನೋದನ್ನ ಅಮ್ಮನ್ನೇ ಕೇಳಿ, ತವರೂರ ಬಾವಿ ಕಟ್ಟೆ ಅಂದ್ರೆ ಅದನ್ನೇ ರೆಕಾರ್ಡ್ ಮಾಡ್ಕೊಡಿ.