ಹೃದಯವನ್ನು ಸುಟ್ಟರೆ ಹೊಸ ರಕ್ತನಾಳ ಬೆಳೆಯುತ್ತದೆಯೇ?

ಪ್ರಶ್ನೆ: ನನ್ನ ತಂದೆಯವರಿಗೆ ಬೈಪಾಸ್ ಆಗಿ ಹಲವು ವರ್ಷಗಳಾಗಿವೆ. ಈಗ ಸ್ವಲ್ಪ ನಡೆದರೂ ಎದೆನೋವು ಬರುತ್ತದೆ. ರಕ್ತನಾಳಗಳು ತೀರಾ ಕಿರಿದಾಗಿರುವುದರಿಂದ ಮತ್ತೆ ಬೈಪಾಸ್ ಆಗಲಿ ಸ್ಟೆಂಟ್ ಆಗಲಿ ಸಾಧ್ಯವಿಲ್ಲವಂತೆ. ಲೇಸರ್ ಅಥವಾ ರೇಡಿಯೋ ತರಂಗದಿಂದ ಹೃದಯದ ಸ್ನಾಯುವನ್ನು ಅಲ್ಲಲ್ಲಿ ಸುಟ್ಟು ಹೊಸ ರಕ್ತನಾಳಗಳನ್ನು ಬೆಳೆಸಬಹುದೆಂದು ಓದಿದೆ. ಇದು ನಿಜವೇ? ಅವರಿಗೆ ಮಾಡಿಸಬಹುದೇ?

ಉತ್ತರ: ಭಾಗಶಃ ನಿಜ. ಆದರೆ ಈ ಚಿಕಿತ್ಸೆ ಹುಟ್ಟಿದ್ದು ಬೇರೆಯೇ ಒಂದು ಊಹೆಯಿಂದ. ಹಾವು, ಮೊಸಳೆಗಳಂಥ ಸರೀಸೃಪಗಳಲ್ಲಿ ಹೃದಯದ ಕೋಣೆಯೊಳಗಿನ ರಕ್ತವೇ ನೇರವಾಗಿ ಸ್ನಾಯುವಿಗೆ ಇಳಿಯುತ್ತದೆ. ಮನುಷ್ಯರಲ್ಲಿಯೂ ಅಂಥದೊಂದು ದಾರಿ ಮಾಡಿಕೊಡಬಹುದೆಂದು ಮುಂಬೈಯ ಶಸ್ತ್ರಚಿಕಿತ್ಸಕ ಪಿ.ಕೆ. ಸೇನ್ ಮತ್ತು ಸಂಗಡಿಗರು 1965ರಲ್ಲಿ ಸೂಜಿಯಿಂದ ಹೃದಯದ ಸ್ನಾಯುವನ್ನು ಚುಚ್ಚುವ ವಿಧಾನವನ್ನು ಪ್ರಕಟಿಸಿದರು. ಮುಂದೆ ಸೂಜಿಯ ಜಾಗಕ್ಕೆ ಲೇಸರ್ ಬಂತು. ಎದೆಯ ಎಡಭಾಗವನ್ನು ತೆರೆದು, ಬಡಿಯುತ್ತಿರುವ ಹೃದಯದ ಎಡ ಹೃತ್ಕುಕ್ಷಿಯ (ದೇಹಕ್ಕೆ ರಕ್ತ ತಳ್ಳುವ ಕೋಣೆಯ) ಗೋಡೆಯಲ್ಲಿ ಸುಮಾರು 1 ಮಿಲಿಮೀಟರ್ ಅಗಲದ 20ರಿಂದ 40 ರಂಧ್ರಗಳನ್ನು ಕೊರೆಯುತ್ತಾರೆ. ಹೊರಮೈಯ ರಕ್ತಸ್ರಾವ ಸಾಮಾನ್ಯವಾಗಿ ಬೆರಳಿನಿಂದ ಒತ್ತಿ ಹಿಡಿದರೆ ನಿಲ್ಲುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1998ರಲ್ಲಿ ಇದಕ್ಕೆ ಅನುಮತಿ ನೀಡಿತು.

ಆದರೆ ಆ ರಂಧ್ರಗಳು ಬಹುಮಟ್ಟಿಗೆ ಬೇಗನೆ ಮುಚ್ಚಿಹೋಗುತ್ತವೆ ಎಂದು ತಿಳಿದುಬಂದಾಗ ಮೂಲದ ಊಹೆಯೇ ಕುಸಿಯಿತು. ಹಾಗಿದ್ದೂ ರೋಗಿಗಳ ನೋವು ಏಕೆ ಇಳಿಯಿತು ಎಂಬುದಕ್ಕೆ ನೀವು ಓದಿರುವ ವಿವರಣೆ ಬಂದದ್ದು ಆಮೇಲೆ: ಸುಟ್ಟ ಗಾಯದ ಸುತ್ತ ಉರಿಯೂತ ಉಂಟಾಗಿ, ಗಾಯ ಮಾಯುವಾಗ ರಕ್ತನಾಳಗಳ ಬೆಳವಣಿಗೆಯನ್ನು ಪ್ರಚೋದಿಸುವ ಪ್ರೋಟೀನ್‌ಗಳು ಹೆಚ್ಚಾಗಿ, ಸಣ್ಣ ನಾಳಗಳು ಚಿಗುರುತ್ತವೆ. ಪ್ರಾಣಿಗಳ ಹೃದಯದಲ್ಲಿ ಇದನ್ನು ನೋಡಿದ್ದಾರೆ. ರೇಡಿಯೋ ತರಂಗದ ಶಾಖವನ್ನು ಬಳಸುವ ಪ್ರಯತ್ನಗಳ ತರ್ಕವೂ ಇದೇ, ಆದರೆ ಅದರ ಅನುಭವ ಇನ್ನೂ ಹೆಚ್ಚಾಗಿ ಪ್ರಯೋಗಾಲಯದ್ದು. ನೋವನ್ನು ಸಾಗಿಸುವ ನರತಂತುಗಳು ಸುಟ್ಟುಹೋಗುವುದೂ ಒಂದು ಕಾರಣವಿರಬಹುದು. ಹಾಗಾಗಿದ್ದರೆ ನೋವು ಇಳಿದ ಮಾತ್ರಕ್ಕೆ ರಕ್ತದ ಹರಿವು ಹೆಚ್ಚಿದೆ ಎಂದು ಹೇಳಲಾಗದು.

1999ರಲ್ಲಿ ಪ್ರಕಟವಾದ ಅಧ್ಯಯನಗಳಲ್ಲಿ, ಔಷಧವನ್ನಷ್ಟೇ ಪಡೆದವರಿಗಿಂತ ಲೇಸರ್ ಚಿಕಿತ್ಸೆ ಪಡೆದವರ ಎದೆನೋವು ಬಹಳಷ್ಟು ಕಡಿಮೆಯಾಗಿತ್ತು. ಆದರೆ ಅಲ್ಲಿ ತನಗೆ ಯಾವ ಚಿಕಿತ್ಸೆಯಾಯಿತೆಂಬುದು ರೋಗಿಗೆ ಗೊತ್ತಿತ್ತು. ಎದೆ ತೆರೆಯದೆ, ರಕ್ತನಾಳದೊಳಗೆ ತೂರಿಸುವ ಸಣ್ಣ ಕೊಳವೆಯ (ಕ್ಯಾತಿಟರ್) ಮೂಲಕ ಲೇಸರ್ ನೀಡುವ ವಿಧಾನವನ್ನು 298 ರೋಗಿಗಳಲ್ಲಿ, ಕೆಲವರಿಗೆ ಚಿಕಿತ್ಸೆಯ ನಟನೆಯನ್ನಷ್ಟೇ ಮಾಡಿ ಪರೀಕ್ಷಿಸಿದಾಗ, ನಿಜವಾದ ಲೇಸರ್ ಪಡೆದವರಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. 2005ರ ಈ ಫಲಿತಾಂಶವನ್ನು ಬದಿಗಿಟ್ಟು ಈ ಚಿಕಿತ್ಸೆಯನ್ನು ಹೊಗಳುವವರ ಮಾತನ್ನು ನಾನು ಪೂರ್ತಿ ನಂಬಲಾರೆ. ಚಿಕಿತ್ಸೆಗಳನ್ನು ಪರಿಶೀಲಿಸಿ ಸಲಹೆ ನೀಡುವ ಬ್ರಿಟನ್ನಿನ ನೈಸ್ ಸಂಸ್ಥೆಯೂ 2009ರಲ್ಲಿ ಇದನ್ನು ಬಳಸಬಾರದೆಂದು ಸೂಚಿಸಿತು.

ಆದ್ದರಿಂದ ತಂದೆಯವರಿಗೆ ಇದನ್ನು ಮೊದಲ ಆಯ್ಕೆಯಾಗಿ ನಾನು ಸೂಚಿಸುವುದಿಲ್ಲ. ಬೀಟಾ ಬ್ಲಾಕರ್, ನೈಟ್ರೇಟ್, ರಾನೊಲಜೀನ್ ಮುಂತಾದ ಔಷಧಗಳನ್ನು ಅವರು ತಾಳಿಕೊಳ್ಳುವಷ್ಟು ಪ್ರಮಾಣದಲ್ಲಿ ಕೊಟ್ಟು ನೋಡಲಾಗಿದೆಯೇ ಎಂದು ಹೃದ್ರೋಗ ತಜ್ಞರನ್ನು ಕೇಳಿ. ಅದಾದ ಮೇಲೂ ಯಾರಾದರೂ ಲೇಸರ್ ಶಸ್ತ್ರಚಿಕಿತ್ಸೆಯನ್ನು ಸೂಚಿಸಿದರೆ, ಹೃದಯದ ರಕ್ತ ಸಾಲದ ಭಾಗದಲ್ಲಿ ಜೀವಂತ ಸ್ನಾಯು ಉಳಿದಿದೆಯೆಂದು ಸ್ಕ್ಯಾನ್‌ನಲ್ಲಿ ಖಚಿತವಾಗಿದೆಯೇ ಎಂಬುದನ್ನೂ, ಹೃದಯದ ಪಂಪ್ ಮಾಡುವ ಶಕ್ತಿ ಎಷ್ಟಿದೆ ಎಂಬುದನ್ನೂ ಬರಹದಲ್ಲಿ ಪಡೆಯಿರಿ. ಆ ಶಕ್ತಿ ತೀರಾ ಕುಗ್ಗಿರುವವರಲ್ಲಿ ಈ ಶಸ್ತ್ರಚಿಕಿತ್ಸೆಯ ಅಪಾಯ ಹೆಚ್ಚು.